ಸ್ಮಾರ್ಟ್‌ವಾಚಿನ ಸಮಯ ಸ್ವಂತದ್ದೋ ಕೈಗಡದ್ದೋ? ಮನೆಯಲ್ಲೇ ಪರೀಕ್ಷೆ ಮಾಡುವ ಬಗೆ

ನಿಮ್ಮ ಸ್ಮಾರ್ಟ್‌ವಾಚು ಸರಿಯಾದ ಸಮಯ ತೋರಿಸುತ್ತದೆಯೇ ಎಂದು ಕೇಳಿದರೆ ಹೆಚ್ಚಿನವರು ಜೇಬಿನಿಂದ ಫೋನು ತೆಗೆದು ಪಕ್ಕದಲ್ಲಿಟ್ಟು ನೋಡಿ ‘ಸರಿಯಾಗೇ ಇದೆಯಲ್ಲ’ ಎನ್ನುತ್ತಾರೆ. ಈ ಹೋಲಿಕೆಯಿಂದ ತಿಳಿಯುವುದು ಬಹಳ ಕಡಿಮೆ. ವಾಚು ಆ ಸಮಯವನ್ನು ತಂದಿದ್ದೇ ಆ ಫೋನಿನಿಂದ. ಪಕ್ಕದವನದನ್ನು ನೋಡಿ ಬರೆದ ಹುಡುಗನ ಉತ್ತರಪತ್ರಿಕೆಯನ್ನು ಪಕ್ಕದವನ ಪತ್ರಿಕೆಗೇ ಹೋಲಿಸಿ ಅಂಕ ಕೊಟ್ಟ ಹಾಗೆ. ಫೋನಿನ ನಂಟು ಕಡಿದು ಬಿಟ್ಟಾಗ ವಾಚು ಎಷ್ಟು ದಿನ ಎಷ್ಟು ಸರಿಯಾಗಿ ನಡೆಯುತ್ತದೆ ಎಂಬುದೇ ಅದರ ಸ್ವಂತ ಯೋಗ್ಯತೆ. ಪೆಟ್ಟಿಗೆಯ ಮೇಲೆ ಬರೆದಿರುವ ಜಿಪಿಎಸ್, ಬಿಪಿ, ಏಳು ದಿನದ ಬ್ಯಾಟರಿ ಇತ್ಯಾದಿಗಳಿಗೂ ಇದೇ ಪ್ರಶ್ನೆ ಹಾಕಬೇಕು: ಇದರಲ್ಲಿ ವಾಚಿನದ್ದೆಷ್ಟು, ಕೈಗಡ ತಂದದ್ದೆಷ್ಟು?

ಪರೀಕ್ಷೆಗೆ ಬೇಕಾದದ್ದು ಇಷ್ಟೇ: ಇಂಟರ್ನೆಟ್ ಇರುವ ಒಂದು ಲ್ಯಾಪ್‌ಟಾಪು, ಸ್ಲೋ ಮೋಷನ್ ವಿಡಿಯೊ ತೆಗೆಯುವ ಫೋನು, ಒಂದು ನೋಟ್‌ಬುಕ್ಕು, ಮೂರರಿಂದ ಹತ್ತು ದಿನದ ತಾಳ್ಮೆ.

ವಾಚಿನೊಳಗೆ ಏನಿದೆ

ಸಾವಿರ ರೂಪಾಯಿಯದ್ದಿರಲಿ, ಐವತ್ತು ಸಾವಿರದ್ದಿರಲಿ, ಸ್ಮಾರ್ಟ್‌ವಾಚಿನಲ್ಲಿ ಸಮಯ ಎಣಿಸುವುದು ಸಾಮಾನ್ಯವಾಗಿ ಅಕ್ಕಿಕಾಳಿಗಿಂತ ಸಣ್ಣದಾದ ಒಂದು ಕ್ವಾರ್ಟ್ಜ್ ಹರಳು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ಗೋಡೆ ಗಡಿಯಾರದಲ್ಲಿ, ಸಾದಾ ಕ್ವಾರ್ಟ್ಜ್ ವಾಚಿನಲ್ಲಿ ಇರುವುದೂ ಇದೇ ಬಗೆಯ ಹರಳು. ‘ಸ್ಮಾರ್ಟ್’ ಎಂಬ ಪದ ಸೇರಿದ ಮಾತ್ರಕ್ಕೆ ಹರಳು ಜಾಣವಾಗುವುದಿಲ್ಲ.

ಇಂಥ ಹರಳಿನ ತಪ್ಪನ್ನು ಪಿಪಿಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಎಂದು. ಮಾಮೂಲಿ ಹರಳಿನ ವಿವರಪಟ್ಟಿಯಲ್ಲಿ 20 ಪಿಪಿಎಂ ಎಂದು ನಮೂದಾಗಿರುತ್ತದೆ. ದಿನಕ್ಕೆ 86,400 ಸೆಕೆಂಡು. ಅದರ ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು ಎಂದರೆ 1.7 ಸೆಕೆಂಡು. ತಿಂಗಳಿಗೆ 52 ಸೆಕೆಂಡು ಹಿಂದೆಯೋ ಮುಂದೆಯೋ ಹೋಗಬಹುದು. ಒಳ್ಳೆಯ ಸಾದಾ ಕ್ವಾರ್ಟ್ಜ್ ವಾಚನ್ನು ಕಾರ್ಖಾನೆಯಲ್ಲೇ ತಿದ್ದಿ ತಿಂಗಳಿಗೆ 15 ಸೆಕೆಂಡಿನೊಳಗೆ ತಂದಿರುತ್ತಾರೆ. ಮೊದಲ ಕ್ವಾರ್ಟ್ಜ್ ಕೈಗಡಿಯಾರವಾದ ಸೀಕೊ ಆಸ್ಟ್ರಾನ್ 1969ರ ಡಿಸೆಂಬರ್ 25ರಂದು ಮಾರುಕಟ್ಟೆಗೆ ಬಂದಾಗಲೇ ಅದರ ಮಿತಿ ತಿಂಗಳಿಗೆ 5 ಸೆಕೆಂಡು. ಫೋನಿನಿಂದ ಬೇರ್ಪಟ್ಟ ಅಗ್ಗದ ಸ್ಮಾರ್ಟ್‌ವಾಚು ಅಜ್ಜನ ಕಾಲದ ಆ ವಾಚಿಗಿಂತ ಹಿಂದೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ. ಹರಳಿನ ಖರ್ಚನ್ನೂ ಉಳಿಸಲು ಹೋಗಿ ಚಿಪ್‌ನೊಳಗಿನ ಆರ್‌ಸಿ ಆಸಿಲೇಟರನ್ನೇ (ಹರಳಿಲ್ಲದೆ ಕಂಪನ ಹುಟ್ಟಿಸುವ ಸರ್ಕಿಟ್ಟನ್ನೇ) ನಂಬಿದರೆ ತಪ್ಪು 500 ಪಿಪಿಎಂವರೆಗೂ ಹೋಗಬಹುದು, ಅಂದರೆ ದಿನಕ್ಕೆ 43 ಸೆಕೆಂಡು. ಕೀಲಿ ಕೊಡುವ ಎಚ್‌ಎಂಟಿ ಜನತಾ ಅರ್ಧ ನಿಮಿಷ ಆಚೀಚೆ ಆದಾಗ ಜನ ರೇಡಿಯೊ ವಾರ್ತೆಯ ಹೊತ್ತಿಗೆ ಸರಿಮಾಡಿಕೊಳ್ಳುತ್ತಿದ್ದರು. ಸ್ಮಾರ್ಟ್‌ವಾಚು ಮಾಡುವುದೂ ಅದನ್ನೇ, ರೇಡಿಯೊ ಜಾಗದಲ್ಲಿ ಫೋನಿದೆ, ತಿರುಪುವ ಕೈ ಕಾಣುವುದಿಲ್ಲ.

ಉಷ್ಣತೆಯ ಆಟವೂ ಇದೆ. ಈ ಹರಳು ಸುಮಾರು 25 ಡಿಗ್ರಿಯಲ್ಲಿ ಅತಿ ವೇಗವಾಗಿ ನಡೆಯುತ್ತದೆ. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. 25ರಿಂದ ಎಷ್ಟು ಡಿಗ್ರಿ ಸರಿದಿದೆಯೋ ಅದರ ವರ್ಗಕ್ಕೆ 0.034 ಗುಣಿಸಿದರೆ ಎಷ್ಟು ಪಿಪಿಎಂ ಹಿಂದೆ ಬೀಳುತ್ತದೆ ಎಂದು ತಿಳಿಯುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ 45 ಡಿಗ್ರಿಯಲ್ಲಿ ಬಿದ್ದ ವಾಚು 13.6 ಪಿಪಿಎಂ, ಅಂದರೆ ದಿನಕ್ಕೆ 1.2 ಸೆಕೆಂಡು ಹೆಚ್ಚಾಗಿ ಹಿಂದೆ ಬೀಳುತ್ತದೆ. ಫ್ರಿಜ್ಜಿನ 5 ಡಿಗ್ರಿಯಲ್ಲಿ ಇಟ್ಟರೂ ಅಷ್ಟೇ. ಕೈಮೇಲೆ ಕಟ್ಟಿಕೊಂಡಾಗ ಮೈಶಾಖದಿಂದ ಮೂವತ್ತರ ಆಸುಪಾಸಿನಲ್ಲೇ ಇರುವುದರಿಂದ ಏರಿಳಿತ ಕಡಿಮೆ. ಆದ್ದರಿಂದ ಪರೀಕ್ಷೆಯ ದಿನಗಳಲ್ಲಿ ವಾಚನ್ನು ಕೈಯಲ್ಲೇ ಕಟ್ಟಿಕೊಂಡಿರಿ, ಬೀರುವಿನಲ್ಲಿ ಇಡಬೇಡಿ.

ದುಬಾರಿ ವಾಚುಗಳಲ್ಲಿ ಉಷ್ಣತೆಗೆ ತಕ್ಕಂತೆ ತನ್ನನ್ನೇ ತಿದ್ದಿಕೊಳ್ಳುವ ಆಸಿಲೇಟರ್ ಇರುತ್ತದೆ. ಆ್ಯಪಲ್ 2015ರಲ್ಲಿ ತನ್ನ ಮೊದಲ ವಾಚು ತಂದಾಗ ಅದು ಜಾಗತಿಕ ಸಮಯಕ್ಕೆ 50 ಮಿಲಿಸೆಕೆಂಡಿನೊಳಗೆ ಇರುತ್ತದೆ ಎಂದು ಹೇಳಿಕೊಂಡಿತು. ಆ ಮಾತಿನ ಹಿಂದೆ ಇಂಥ ಆಸಿಲೇಟರ್ ಮಾತ್ರವಲ್ಲ, ಕಂಪನಿಯದೇ ಸಮಯದ ಸರ್ವರುಗಳೂ ಐಫೋನೂ ಇದ್ದವು.

ಸಮಯ ನಿಮ್ಮ ಕೈಗೆ ಬರುವ ದಾರಿ

ಭಾರತದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಲ್ಲಿನ ಪರಮಾಣು ಗಡಿಯಾರಗಳಲ್ಲಿ. ಅಲ್ಲಿಂದ ದೇಶದ ಐದು ಪ್ರಾದೇಶಿಕ ಮಾಪನ ಪ್ರಯೋಗಾಲಯಗಳ ಮೂಲಕ ಸಮಯ ಹಂಚುವ ಯೋಜನೆಯಿದೆ, ಅದರಲ್ಲಿ ಬೆಂಗಳೂರೂ ಒಂದು. ನಿಮ್ಮ ಫೋನು ಸಮಯವನ್ನು ಮೊಬೈಲ್ ಟವರಿನಿಂದಲೋ ಇಂಟರ್ನೆಟ್ಟಿನಲ್ಲಿ ಸಮಯ ಹಂಚುವ ಎನ್‌ಟಿಪಿ ಸರ್ವರಿನಿಂದಲೋ ಪಡೆಯುತ್ತದೆ. ಟವರಿನ ಸಮಯ ಒಂದೊಂದು ಕಡೆ ಒಂದೆರಡು ಸೆಕೆಂಡು ತಪ್ಪಿರುವುದುಂಟು. ಫೋನಿನಿಂದ ವಾಚಿಗೆ ಬ್ಲೂಟೂತ್ ಮೂಲಕ ದಾಟುತ್ತದೆ. ಈ ಕೊನೆಯ ಹೆಜ್ಜೆಯಲ್ಲೇ ಅಗ್ಗದ ವಾಚುಗಳು ಎಡವುವುದು. ಅವುಗಳ ಆ್ಯಪು ‘10 ಗಂಟೆ 15 ನಿಮಿಷ 42 ಸೆಕೆಂಡು’ ಎಂದು ಇಡೀ ಸೆಕೆಂಡನ್ನಷ್ಟೇ ಕಳಿಸುತ್ತದೆ. ಆ ಗಳಿಗೆಯಲ್ಲಿ ನಿಜವಾದ ಸಮಯ 42.9 ಆಗಿದ್ದರೂ ವಾಚು 42ರಿಂದ ಶುರುಮಾಡುತ್ತದೆ. ಹೀಗಾಗಿ ಪ್ರತಿ ಸಲ ಸರಿಹೊಂದಿಸಿದಾಗಲೂ ಸೊನ್ನೆಯಿಂದ ಒಂದು ಸೆಕೆಂಡಿನವರೆಗೆ ಬೇರೆ ಬೇರೆ ತಪ್ಪು ಬರುತ್ತದೆ, ಯಾವಾಗಲೂ ಹಿಂದಕ್ಕೇ.

ಮೊದಲ ಪರೀಕ್ಷೆ: ಫೋನು ಜೋಡಿಸಿದ್ದಾಗ ಎಷ್ಟು ತಪ್ಪು

ಮೊದಲು ಫೋನನ್ನೇ ತೂಗಿ ನೋಡಿ. ಬ್ರೌಸರಿನಲ್ಲಿ ಟೈಮ್ ಡಾಟ್ ಈಸ್ ಎಂಬ ತಾಣ ತೆರೆದರೆ ನಿಮ್ಮ ಸಾಧನದ ಗಡಿಯಾರ ಎಷ್ಟು ಸೆಕೆಂಡು ಹಿಂದಿದೆ ಅಥವಾ ಮುಂದಿದೆ ಎಂದು ಅದೇ ಹೇಳುತ್ತದೆ. ವೈಫೈನಲ್ಲಿ ನಾಲ್ಕೈದು ಸಲ ತೆರೆದು ನಡುವಿನ ಸಂಖ್ಯೆ ಹಿಡಿಯಿರಿ. ಸಿಗ್ನಲ್ ಒದ್ದಾಡುವ ಜಾಗದಲ್ಲಿ ಮೊಬೈಲ್ ಡೇಟಾ ಬಳಸಿದರೆ ಈ ಸಂಖ್ಯೆಯೇ ಅಲುಗಾಡುತ್ತದೆ.

ಆಮೇಲೆ ವಾಚು. ಇದನ್ನು ಕಣ್ಣಳತೆಯಲ್ಲಿ ಮಾಡಬೇಡಿ, ವಿಡಿಯೊ ತೆಗೆಯಿರಿ.

1. ವಾಚಿನಲ್ಲಿ ಸೆಕೆಂಡುಗಳನ್ನು ಅಂಕಿಯಲ್ಲಿ ತೋರಿಸುವ ಮುಖಪರದೆ ಆರಿಸಿ. ಮುಳ್ಳಿನದ್ದು ಬೇಡ, ಜಾರುತ್ತ ಹೋಗುವ ಮುಳ್ಳಿನಲ್ಲಿ ಸೆಕೆಂಡು ಬದಲಾದ ಕ್ಷಣ ಹಿಡಿಯುವುದು ಕಷ್ಟ.
2. ವಾಚಿನ ಬೆಳಕನ್ನು ಪೂರ್ತಿ ಏರಿಸಿ. ಕಡಿಮೆ ಬೆಳಕಿನಲ್ಲಿ ಅಮೊಲೆಡ್ ಪರದೆ ಸ್ಲೋ ಮೋಷನ್ನಿನಲ್ಲಿ ಪಟ್ಟೆಪಟ್ಟೆಯಾಗಿ ಮಿಣುಕುತ್ತದೆ.
3. ಲ್ಯಾಪ್‌ಟಾಪಿನಲ್ಲಿ ಅದೇ ತಾಣ ತೆರೆದಿಟ್ಟು ವಾಚನ್ನು ಆ ದೊಡ್ಡ ಅಂಕಿಗಳ ಪಕ್ಕದಲ್ಲೇ, ಅದೇ ಎತ್ತರದಲ್ಲಿ ಹಿಡಿಯಿರಿ. ಫೋನನ್ನು ಅಡ್ಡ ಹಿಡಿದು ಚಿತ್ರಿಸಿ. ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಒಂದು ಮೇಲೆ ಒಂದು ಕೆಳಗೆ ಇದ್ದರೆ ಕೆಲವು ಮಿಲಿಸೆಕೆಂಡಿನ ಸುಳ್ಳು ಅಂತರ ಸೇರಿಕೊಳ್ಳುತ್ತದೆ.
4. ಸೆಕೆಂಡಿಗೆ 240 ಚೌಕಟ್ಟಿನ (ಫ್ರೇಮಿನ) ಸ್ಲೋ ಮೋಷನ್ನಿನಲ್ಲಿ ಹದಿನೈದು ಸೆಕೆಂಡು ತೆಗೆಯಿರಿ. ಒಂದು ಚೌಕಟ್ಟು ಎಂದರೆ ಸುಮಾರು 4 ಮಿಲಿಸೆಕೆಂಡು. ಸ್ಲೋ ಮೋಷನ್ ಇಲ್ಲದಿದ್ದರೆ ಸಾದಾ 30 ಚೌಕಟ್ಟಿನದೂ ನಡೆಯುತ್ತದೆ, ಆಗ ಒಂದಕ್ಕೆ 33 ಮಿಲಿಸೆಕೆಂಡು.
5. ಲ್ಯಾಪ್‌ಟಾಪಿನ ಸೆಕೆಂಡು ಬದಲಾದ ಚೌಕಟ್ಟಿನಿಂದ ವಾಚಿನ ಸೆಕೆಂಡು ಬದಲಾದ ಚೌಕಟ್ಟಿನವರೆಗೆ ಎಣಿಸಿ. ಹತ್ತು ಸೆಕೆಂಡುಗಳಿಗೆ ಹೀಗೆ ಎಣಿಸಿ ಸರಾಸರಿ ತೆಗೆಯಿರಿ.

ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಸಲ ಮಾತ್ರ ಹೊಸ ಚಿತ್ರ ತೋರುವುದರಿಂದ 20-30 ಮಿಲಿಸೆಕೆಂಡಿಗಿಂತ ಸೂಕ್ಷ್ಮವಾದ ಮಾತನ್ನು ಈ ವಿಧಾನದಿಂದ ಆಡಬಾರದು. ಹಾಗಾಗಿ ‘50 ಮಿಲಿಸೆಕೆಂಡು’ ಎಂಬ ಜಾಹೀರಾತನ್ನು ಹೌದೋ ಅಲ್ಲವೋ ಎಂದು ಅಂದಾಜಿಗೆ ನೋಡಬಹುದು, ಅಷ್ಟೇ.

ಸರಾಸರಿಗಿಂತ ಹತ್ತು ಸಂಖ್ಯೆಗಳು ಎಷ್ಟು ಚೆದುರಿವೆ ಎಂಬುದೂ ಮುಖ್ಯ. ಒಂದು ಸೆಕೆಂಡು ಉದ್ದ, ಮುಂದಿನದು ಗಿಡ್ಡ ಎಂದು ಕುಣಿಯುತ್ತಿದ್ದರೆ ದೋಷ ಹರಳಿನದಲ್ಲ, ಪರದೆಗೆ ಅಂಕಿ ಬರೆಯುವ ಸಾಫ್ಟ್‌ವೇರಿನದು.

ತಪ್ಪಿನ ಗಾತ್ರವೇ ಕಾರಣ ಹೇಳುತ್ತದೆ. ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ವಾಚು ಭಾರತದ ಸಮಯವಲಯ ಮರೆತು ಯುಟಿಸಿ, ಅಂದರೆ ಜಾಗತಿಕ ಸಮಯ ತೋರಿಸುತ್ತಿದೆ. ಅರ್ಧ ಗಂಟೆ ತಪ್ಪಿದ್ದರೆ ನಮ್ಮ ಐದೂವರೆಯ ‘ಅರ್ಧ’ವನ್ನು ಆ್ಯಪು ನುಂಗಿದೆ, ಅಥವಾ ಅಕ್ಕಪಕ್ಕದ ದೇಶದ ವಲಯ ಹಿಡಿದಿದೆ. ದುಬೈಗೆ ಹೋಗಿ ಇಳಿದ ಮೇಲೂ ಒಂದೂವರೆ ಗಂಟೆ ಮುಂದಿದ್ದರೆ ಫೋನಿನಲ್ಲಿ ಸ್ವಯಂಚಾಲಿತ ಸಮಯವಲಯ ಆರಿಹೋಗಿದೆ. ಒಂದು ಸೆಕೆಂಡಿನೊಳಗೆ, ಪ್ರತಿ ಜೋಡಣೆಗೂ ಬೇರೆ ಬೇರೆ ಇದ್ದರೆ ಮೇಲೆ ಹೇಳಿದ ಇಡೀ ಸೆಕೆಂಡಿನ ಚಾಳಿ. ಸರಿಯಾಗಿ 18 ಸೆಕೆಂಡು ಮುಂದಿದ್ದರೆ ಇನ್ನೊಂದು ಸ್ವಾರಸ್ಯ: ಜಿಪಿಎಸ್ ಉಪಗ್ರಹಗಳ ಗಡಿಯಾರ ಲೀಪ್ ಸೆಕೆಂಡುಗಳನ್ನು (ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಆಗಾಗ ಸೇರಿಸಿದ ಸೆಕೆಂಡುಗಳನ್ನು) ಲೆಕ್ಕಕ್ಕೆ ಹಿಡಿಯುವುದಿಲ್ಲ, ಯುಟಿಸಿಗಿಂತ ಅದು 18 ಸೆಕೆಂಡು ಮುಂದಿದೆ. ವಾಚು ಜಿಪಿಎಸ್‌ನಿಂದ ಸಮಯ ತೆಗೆದುಕೊಂಡು ಅದನ್ನು ಕಳೆಯಲು ಮರೆತಿದೆ. ಬಯಲಿನಲ್ಲಿ ಕಾಲು ಗಂಟೆ ಜಿಪಿಎಸ್ ಹಾಕಿಟ್ಟರೆ ಲೀಪ್ ಸೆಕೆಂಡಿನ ಮಾಹಿತಿ ಉಪಗ್ರಹದಿಂದಲೇ ಬಂದು ಸರಿಹೋಗಬೇಕು. ಹೋಗದಿದ್ದರೆ ಫರ್ಮ್‌ವೇರ್ (ವಾಚಿನೊಳಗಿನ ಮೂಲ ಸಾಫ್ಟ್‌ವೇರ್) ಹಳತು.

ಎರಡನೇ ಪರೀಕ್ಷೆ: ಫೋನು ಬಿಟ್ಟು ನಡೆಯುವುದು

ನಿಜವಾದ ಪರೀಕ್ಷೆ ಇದು. ಬೆಳಿಗ್ಗೆ ಫೋನಿಗೆ ಜೋಡಿಸಿ ಸಮಯ ಸರಿಮಾಡಿ, ಮೇಲಿನ ವಿಡಿಯೊ ವಿಧಾನದಲ್ಲಿ ಆರಂಭದ ಅಂತರ ಅಳೆದು ಬರೆದುಕೊಳ್ಳಿ. ದಿನಾಂಕ, ಗಂಟೆ, ನಿಮಿಷ ಸಹಿತ. ಕೂಡಲೇ ಫೋನಿನಲ್ಲಿ ಆ ವಾಚಿನ ಜೋಡಣೆ ತೆಗೆಯಿರಿ, ಇಲ್ಲವೇ ಬ್ಲೂಟೂತ್ ಆರಿಸಿ. ವಾಚಿಗೆ ವೈಫೈ ಅಥವಾ ಇ-ಸಿಮ್ ಇದ್ದರೆ ಅದನ್ನೂ ಆರಿಸಬೇಕು, ಇಲ್ಲದಿದ್ದರೆ ರಾತ್ರಿ ಚಾರ್ಜಿಗೆ ಹಾಕಿದಾಗ ಸದ್ದಿಲ್ಲದೆ ಸಮಯ ತಿದ್ದಿಕೊಂಡು ನಿಮ್ಮ ಪರೀಕ್ಷೆ ಕೆಡಿಸುತ್ತದೆ. ಆ ದಿನಗಳಲ್ಲಿ ಜಿಪಿಎಸ್ ಹಾಕಿ ಓಡಬೇಡಿ, ಅದರಿಂದಲೂ ಹಲವು ವಾಚುಗಳು ಸಮಯ ತಿದ್ದಿಕೊಳ್ಳುತ್ತವೆ. ಬ್ಯಾಟರಿ ಪೂರ್ತಿ ಮುಗಿಯಲು ಬಿಡಬೇಡಿ. ಹಲವು ಅಗ್ಗದ ವಾಚುಗಳು ಸತ್ತು ಎದ್ದರೆ ಯಾವುದೋ ಹಳೆಯ ವರ್ಷದ ಜನವರಿ 1ರ ನಡುರಾತ್ರಿಯಲ್ಲಿ ಕಣ್ಣು ಬಿಡುತ್ತವೆ, ಫೋನು ಸಿಗುವವರೆಗೆ ಅಲ್ಲೇ ಇರುತ್ತವೆ. ಗಡಿಯಾರವೆಂಬ ಹೆಸರಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ.

ಮೂರನೇ ದಿನ, ಹತ್ತನೇ ದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಲೆಕ್ಕ ಸುಲಭ: ಕೊನೆಯ ಅಂತರದಿಂದ ಆರಂಭದ ಅಂತರ ಕಳೆದು, ಒಟ್ಟು ಸೆಕೆಂಡುಗಳಿಂದ ಭಾಗಿಸಿ, ಹತ್ತು ಲಕ್ಷದಿಂದ ಗುಣಿಸಿ. ಉದಾಹರಣೆಗೆ ಆರಂಭದಲ್ಲಿ 0.4 ಸೆಕೆಂಡು ಹಿಂದಿತ್ತು, ಹತ್ತು ದಿನದ ಮೇಲೆ 9.4 ಸೆಕೆಂಡು ಹಿಂದಿದೆ. ವ್ಯತ್ಯಾಸ 9 ಸೆಕೆಂಡು. ಹತ್ತು ದಿನಕ್ಕೆ 8,64,000 ಸೆಕೆಂಡು. ಉತ್ತರ 10.4 ಪಿಪಿಎಂ, ತಿಂಗಳಿಗೆ 27 ಸೆಕೆಂಡು. ಸಾದಾ ಕ್ವಾರ್ಟ್ಜ್ ವಾಚಿನ ಮಿತಿ 15 ಸೆಕೆಂಡಿಗಿಂತ ಇದು ಹೆಚ್ಚು, ಆದರೂ ಹರಳು ತನ್ನ ನಮೂದಿತ ಮಿತಿಯೊಳಗೇ ಇದೆ. ದೋಷವಲ್ಲ, ಸಾಧಾರಣತೆ.

ವಿಡಿಯೊದಲ್ಲಿ 0.05 ಸೆಕೆಂಡು ತಪ್ಪಿದರೂ ಮೂರು ದಿನದ ಲೆಕ್ಕದಲ್ಲಿ ಅದು 0.2 ಪಿಪಿಎಂ ಮಾತ್ರ. ಹಿಂದಿರುಗಿಸುವ ಗಡುವು ಹತ್ತಿರವಿದ್ದರೆ ಮೂರು ದಿನವೇ ಸಾಕು. ಮೂರನೇ ದಿನ 1 ಸೆಕೆಂಡು, ಹತ್ತನೇ ದಿನ 3.3 ಸೆಕೆಂಡು ಎಂದು ಒಂದೇ ಹದದಲ್ಲಿ ಬೆಳೆದರೆ ಅದು ಹರಳಿನ ಗುಣ. ಮೂರನೇ ದಿನ 4, ಹತ್ತನೇ ದಿನ 0.3 ಎಂದು ಬಂದರೆ ವಾಚು ಎಲ್ಲೋ ಕದ್ದು ಸಮಯ ತಂದಿದೆ, ವೈಫೈ ಹುಡುಕಿ.

ಇಷ್ಟೆಲ್ಲ ಯಾರಿಗೆ ಬೇಕು? ಫೋನು ಸದಾ ಜೇಬಿನಲ್ಲಿರುವವರಿಗೆ ಇದರಿಂದ ಏನೂ ಆಗಬೇಕಿಲ್ಲ. ಕುಮಾರ ಪರ್ವತಕ್ಕೆ ಫೋನು ಆರಿಸಿಟ್ಟು ಹತ್ತುವವರಿಗೂ ಎರಡು ದಿನಕ್ಕೆ ಮೂರು ಸೆಕೆಂಡು ದೊಡ್ಡದಲ್ಲ. ಆದರೆ ಎಫ್‌ಟಿ8ನಂಥ ಡಿಜಿಟಲ್ ವಿಧಾನ ಬಳಸುವ ಹ್ಯಾಮ್ ರೇಡಿಯೊದವರಿಗೆ ಸುಮಾರು ಒಂದು ಸೆಕೆಂಡಿನೊಳಗಿನ ಸಮಯ ಬೇಕು. ಅಂಥ ಕೆಲಸಕ್ಕೆ ಸ್ಮಾರ್ಟ್‌ವಾಚನ್ನು ಪ್ರಮಾಣವೆಂದು ಹಿಡಿಯಬಾರದು.

ಫೋನು ಜೊತೆಗಿದ್ದೂ ಸಮಯ ತಪ್ಪುತ್ತಿದ್ದರೆ ಹೆಚ್ಚಾಗಿ ಕಾರಣ ಫೋನಿನ ಬ್ಯಾಟರಿ ಉಳಿತಾಯ. ಅದು ವಾಚಿನ ಆ್ಯಪನ್ನು ಹಿನ್ನೆಲೆಯಲ್ಲಿ ಕೊಲ್ಲುತ್ತದೆ, ಸಮಯ ದಾಟುವುದಿಲ್ಲ. ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ವಿಭಾಗಕ್ಕೆ ಹೋಗಿ ನಿರ್ಬಂಧವಿಲ್ಲ ಎಂಬುದನ್ನು ಆರಿಸಿ, ಆಟೊಸ್ಟಾರ್ಟ್ ಇದ್ದರೆ ಒಪ್ಪಿಗೆ ಕೊಡಿ. ಫೋನಿನ ದಿನಾಂಕ ಮತ್ತು ಸಮಯ ಸ್ವಯಂಚಾಲಿತವಾಗಿರಲಿ. ಬೇಗ ಏಳಲೆಂದು ಹತ್ತು ನಿಮಿಷ ಮುಂದೆ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ವಾಚೂ ಹತ್ತು ನಿಮಿಷ ಮುಂದೆಯೇ ಇರುತ್ತದೆ, ಅದನ್ನು ದೂರಬೇಡಿ.

ಬ್ಯಾಟರಿ: ‘ವರೆಗೆ’ ಎಂಬ ಪದದ ಬೆಲೆ

‘7 ದಿನಗಳವರೆಗೆ’ ಎಂಬ ಜಾಹೀರಾತಿನಲ್ಲಿ ಎಲ್ಲ ಭಾರವೂ ಆ ‘ವರೆಗೆ’ಯ ಮೇಲಿದೆ. ವಾಚಿನ ಬ್ಯಾಟರಿ 280 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ಏಳು ದಿನಕ್ಕೆ 168 ಗಂಟೆ. ಭಾಗಿಸಿದರೆ ಸರಾಸರಿ 1.7 ಮಿಲಿಆಂಪಿಯರ್ ಮಾತ್ರ ಖರ್ಚು ಮಾಡಬಹುದು. ಸದಾ ಬೆಳಗುವ ಪರದೆ ಬರೀ 5 ಮಿಲಿಆಂಪಿಯರ್ ತಿಂದರೂ ದಿನಕ್ಕೆ 16 ಗಂಟೆಯಂತೆ 80 ಖರ್ಚಾಗುತ್ತದೆ, ಬೇರೇನೂ ಮಾಡದಿದ್ದರೂ ಮೂರೂವರೆ ದಿನಕ್ಕೆ ಖಾಲಿ. ಬ್ಲೂಟೂತ್ ಕರೆಯಲ್ಲಿ ಸ್ಪೀಕರೂ ಮೈಕೂ ಸೇರಿದರೆ ಇನ್ನೂ ಬೇಗ. ಪೆಟ್ಟಿಗೆಯ ಕೆಳಗಿನ ಸಾಸಿವೆಕಾಳಿನಷ್ಟು ಅಕ್ಷರಗಳಲ್ಲಿ ‘ಕರೆ ಇಲ್ಲದೆ, ಸದಾ ಬೆಳಗುವ ಪರದೆ ಇಲ್ಲದೆ’ ಎಂದಿರುವುದು ಇದಕ್ಕೇ.

ಅಳೆಯುವಾಗ 100ರಿಂದ ಶುರುಮಾಡಬೇಡಿ, ಆ ತುದಿಯಲ್ಲಿ ಶೇಕಡಾ ಅಂಕಿ ಅಂಟಿಕೊಂಡು ಕೂರುತ್ತದೆ, ಕೆಳತುದಿಯಲ್ಲಿ ದಿಢೀರನೆ ಬೀಳುತ್ತದೆ. 90ರಿಂದ 20ಕ್ಕೆ ಇಳಿಯಲು ಎಷ್ಟು ಗಂಟೆ ಹಿಡಿಯಿತು ನೋಡಿ, 100ರಿಂದ ಗುಣಿಸಿ 70ರಿಂದ ಭಾಗಿಸಿ. ಎರಡು ಸಲ ಮಾಡಿ: ಒಮ್ಮೆ ಪೆಟ್ಟಿಗೆ ಹೇಳಿದ ಷರತ್ತಿನಲ್ಲಿ, ಒಮ್ಮೆ ನೀವು ದಿನವೂ ಬಳಸುವ ರೀತಿಯಲ್ಲಿ. ಮೊದಲನೆಯದೇ ಸುಳ್ಳಾದರೆ ದೂರಬಹುದು. ಎರಡನೆಯದು ಕೊಳ್ಳುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ.

ಜಿಪಿಎಸ್ ಇದೆಯೋ, ಫೋನಿನದ್ದೋ

ಕೈಗಡದ ಮಾತು ಇಲ್ಲಿ ಎದ್ದು ಕಾಣುತ್ತದೆ. ‘ಕನೆಕ್ಟೆಡ್ ಜಿಪಿಎಸ್’ ಎಂದಿದ್ದರೆ ವಾಚಿನಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಭಾಗವೇ ಇಲ್ಲ, ಫೋನಿನದನ್ನು ಬಳಸುತ್ತದೆ. ‘ಬಿಲ್ಟ್-ಇನ್’ ಎಂದಿದ್ದರೆ ಮಾತ್ರ ಸ್ವಂತದ್ದು. ಫೋನನ್ನು ಮನೆಯಲ್ಲಿ ಬಿಟ್ಟು ಅರ್ಧ ಗಂಟೆ ನಡೆದು ಬನ್ನಿ. ನಕ್ಷೆಯಲ್ಲಿ ದಾರಿಯ ಗೆರೆ ಬಂದಿದ್ದರೆ ಸ್ವಂತದ್ದು, ಬರೀ ದೂರದ ಅಂಕಿ ಬಂದಿದ್ದರೆ ಹೆಜ್ಜೆಗಳಿಂದ ಮಾಡಿದ ಅಂದಾಜು.

ದೂರ ಎಷ್ಟು ಸರಿ ಎಂದು ನೋಡಲು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಂಥ 400 ಮೀಟರ್ ಟ್ರ್ಯಾಕು ಒಳ್ಳೆಯದು. ಒಳಗಿನ ಮೊದಲ ಪಥದಲ್ಲಿ ಹತ್ತು ಸುತ್ತು ಎಂದರೆ 4 ಕಿಲೊಮೀಟರ್. ಎಂಟನೇ ಪಥದಲ್ಲಿ ಓಡಿ ವಾಚನ್ನು ಬೈಯಬೇಡಿ, ಅಲ್ಲಿ ಒಂದು ಸುತ್ತಿಗೆ ಸುಮಾರು 453 ಮೀಟರ್. ಶುರುಮಾಡುವ ಮೊದಲು ಉಪಗ್ರಹ ಹಿಡಿಯಲು ಎರಡು ನಿಮಿಷ ನಿಲ್ಲಿ, ಅವಸರ ಮಾಡಿದರೆ ಮೊದಲ ಇನ್ನೂರು ಮೀಟರ್ ಕಾಣೆಯಾಗುತ್ತದೆ. ಎತ್ತರದ ಕಟ್ಟಡಗಳ ನಡುವೆ, ಮಲೆನಾಡಿನ ದಟ್ಟ ಮರಗಳ ಕೆಳಗೆ ಎಂಥ ವಾಚೂ ತಡವರಿಸುತ್ತದೆ. ವಾಚಿನ ವಿವರಪಟ್ಟಿಯಲ್ಲಿ ‘ನಾವಿಕ್’ ಎಂದು ಕಂಡರೆ ಅದು ಜಿಪಿಎಸ್‌ನಂಥದೇ ಇಸ್ರೊದ ವ್ಯವಸ್ಥೆ. ಕೈಗೆ ಕಟ್ಟುವಂಥ ಸಣ್ಣ ಸಾಧನಗಳಿಗೆ ಅನುಕೂಲವಾದ ಎಲ್1 ತರಂಗಾಂತರವನ್ನು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಸೇರಿಸಲಾಯಿತು.

ಹೆಜ್ಜೆ, ನಾಡಿ, ಆಮ್ಲಜನಕ

ಹೆಜ್ಜೆಗೆ ಮನಸ್ಸಿನಲ್ಲೇ ಎಣಿಸಿ 500 ಹೆಜ್ಜೆ ನಡೆಯಿರಿ, ಪ್ರತಿ ನೂರಕ್ಕೆ ಒಂದು ಬೆರಳು ಮಡಚಿ. 15 ಹೆಜ್ಜೆಯೊಳಗಿನ ವ್ಯತ್ಯಾಸಕ್ಕೆ ತಕರಾರು ಬೇಡ. ಮತ್ತೆ ಕೈ ಜೇಬಿನಲ್ಲಿಟ್ಟೋ ಟ್ರಾಲಿ ತಳ್ಳುತ್ತಲೋ ನಡೆಯಿರಿ, ಎಣಿಕೆ ಕುಸಿಯುತ್ತದೆ. ಇದಕ್ಕೆ ತಿರುಗಾಮುರುಗ ಪರೀಕ್ಷೆ ಗುಂಡಿ ಬಿದ್ದ ರಸ್ತೆಯ ಬಸ್ಸು: ಕುಳಿತಲ್ಲೇ ಸಾವಿರ ಹೆಜ್ಜೆ ಕೊಡುವ ವಾಚು ಕುಲುಕಾಟವನ್ನು ನಡಿಗೆಯೆಂದು ತಿಳಿದಿದೆ.

ನಾಡಿಯನ್ನು ವಾಚು ಹಸಿರು ಬೆಳಕಿನಿಂದ ನೋಡುತ್ತದೆ. ರಕ್ತ ಹಸಿರನ್ನು ಹೀರುತ್ತದೆ, ಬಡಿತಕ್ಕೊಮ್ಮೆ ವಾಪಸು ಬರುವ ಬೆಳಕು ಕಡಿಮೆಯಾಗುತ್ತದೆ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಐದು ನಿಮಿಷ ಕೂತು ಇನ್ನೊಂದು ಕೈಯ ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ ಹೋಲಿಸಿ. ಆಮೇಲೆ ಮೂರು ಮಹಡಿ ಬೇಗ ಹತ್ತಿ ಕೂಡಲೇ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ ಸರಿಯಿದ್ದು ಏರಿದಾಗ ತಡವಾಗಿ ಹತ್ತುವ ವಾಚುಗಳೇ ಹೆಚ್ಚು. ಓಡುವಾಗ ನಾಡಿ 165ಕ್ಕೆ ಅಂಟಿಕೊಂಡು ಅಲುಗದಿದ್ದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತಿದ್ದೀರಿ ಎಣಿಸಿ ನೋಡಿ. ಅದೂ 165 ಇದ್ದರೆ ವಾಚು ಎಣಿಸುತ್ತಿರುವುದು ಹೃದಯವನ್ನಲ್ಲ, ಕೈಯ ಕುಲುಕಾಟವನ್ನು. ಮಣಿಕಟ್ಟಿನ ಮೇಲೆ ಗಾಢ ಹಚ್ಚೆಯಿದ್ದರೆ, ಚಳಿಯಲ್ಲಿ ಕೈ ಮರಗಟ್ಟಿದ್ದರೆ ಒಳ್ಳೆಯ ವಾಚೂ ತಪ್ಪುತ್ತದೆ.

ರಕ್ತದ ಆಮ್ಲಜನಕಕ್ಕೆ ಹಸಿರು ಸಾಲದು. ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು, ಎರಡೂ ಬೇಕು. ಅಳತೆ ಶುರುಮಾಡಿ ವಾಚನ್ನು ಸ್ವಲ್ಪ ಎತ್ತಿ ಹಿಂಬದಿ ನೋಡಿ: ಬರೀ ಹಸಿರು ಬೆಳಗುತ್ತಿದ್ದರೆ ಅದು ತೋರಿಸುವ 98ನ್ನು ನಂಬಬೇಡಿ. ಕೆಂಪು ಬೆಳಗಿದರೂ ಅಷ್ಟಕ್ಕೇ ಖಾತ್ರಿಯಲ್ಲ. ಬೆರಳಿನ ಆಕ್ಸಿಮೀಟರ್ ಇನ್ನೊಂದು ಕೈಗೆ ಹಾಕಿ ನಾಲ್ಕು ಸಲ ಹೋಲಿಸಿ. ಈ ಅಂಕಿ ನೋಡಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

ಬಿಪಿ, ಶುಗರ್

ಇಲ್ಲಿ ಮೆದುವಾಗಿ ಹೇಳುವುದಕ್ಕೆ ಏನೂ ಇಲ್ಲ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ಸ್ಮಾರ್ಟ್‌ವಾಚು, ಉಂಗುರಗಳನ್ನು ಬಳಸಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅಂಥ ಅಂಕಿ ನೋಡಿ ಇನ್ಸುಲಿನ್ ಹಾಕಿಕೊಂಡರೆ ಪ್ರಾಣಕ್ಕೇ ಕುತ್ತು. ಜಾಹೀರಾತಿನಲ್ಲಿ ‘ಶುಗರ್’ ಎಂದು ಕಂಡರೆ ಆ ವಾಚಿನ ಉಳಿದ ಮಾತುಗಳನ್ನೂ ನಂಬುವ ಅಗತ್ಯವಿಲ್ಲ.

ಬಿಪಿಯಲ್ಲಿ ಎರಡು ಬಗೆ. ಸ್ಯಾಮ್ಸಂಗ್‌ನ ಗ್ಯಾಲಕ್ಸಿ ವಾಚುಗಳಲ್ಲಿ ತೋಳಿಗೆ ಕಟ್ಟುವ ಕಫ್ ಯಂತ್ರದ ಅಳತೆಯನ್ನು ಮೊದಲು ತುಂಬಬೇಕು, ಪ್ರತಿ 28 ದಿನಕ್ಕೊಮ್ಮೆ ಮತ್ತೆ ತುಂಬಬೇಕು. ಆಮೇಲೆ ವಾಚು ಹೇಳುವುದು ಅಲ್ಲಿಂದಾದ ಏರಿಳಿತವನ್ನು. ಕೈಗಡವೇ, ಆದರೆ ಹೇಳಿ ತಂದದ್ದು. ಯಾವ ಹೋಲಿಕೆಯೂ ಕೇಳದೆ ಮೊದಲ ಒತ್ತಿಗೇ 118/76 ಎನ್ನುವ ವಾಚು ಬೇರೆಯೇ ಜಾತಿ. ಅದನ್ನು ಸುತ್ತಿದ ಟವೆಲ್ಲಿಗೋ ಬಾಳೆಹಣ್ಣಿಗೋ ಕಟ್ಟಿ ಬಿಪಿ ಒತ್ತಿ. ನಾಡಿಯ ಅಂಕಿ ಬಂದರೆ ಕ್ಷಮಿಸಬಹುದು, ಒಳ್ಳೆಯ ಸಂವೇದಕವೂ ಬೆಳಕಿನ ಅಲುಗಾಟಕ್ಕೆ ಮೋಸಹೋಗುತ್ತದೆ. ಬಾಳೆಹಣ್ಣಿಗೆ ಬಿಪಿ ಬಂದರೆ ಕ್ಷಮೆಯಿಲ್ಲ. ಇನ್ನೊಂದು ಉಪಾಯ: ಆ್ಯಪಿನಲ್ಲಿ ವಯಸ್ಸನ್ನು 30ರಿಂದ 65ಕ್ಕೆ ಬದಲಿಸಿ, ಹತ್ತು ನಿಮಿಷ ಕೂತು ಮತ್ತೆ ಅಳೆಯಿರಿ. ಬಿಪಿ ವಯಸ್ಸಿನ ಜೊತೆ ಏರಿದರೆ ಅದು ಬಂದದ್ದು ನಿಮ್ಮ ರಕ್ತನಾಳದಿಂದಲ್ಲ, ನೀವು ತುಂಬಿದ ಫಾರಮ್ಮಿನಿಂದ. ಮನೆಯಲ್ಲಿ ಬಿಪಿ ರೋಗಿಗಳಿದ್ದರೆ ತೋಳಿನ ಕಫ್ ಯಂತ್ರಕ್ಕೆ ದುಡ್ಡು ಹಾಕಿ.

ನೀರು

ಐಪಿ68 ಎಂಬುದು ದೂಳು, ನೀರು ತಡೆಯುವ ದರ್ಜೆ, ಈಜಬಹುದು ಎಂದಲ್ಲ. ಐಪಿ67ಕ್ಕೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. 68ಕ್ಕೆ ಅದಕ್ಕಿಂತ ಕಠಿಣವಾದ, ಆದರೆ ತಯಾರಕರೇ ಹೇಳುವ ಆಳ ಮತ್ತು ಅವಧಿ. ಎರಡೂ ಅಲುಗದ ಸಿಹಿನೀರಿನಲ್ಲಿ. ಈಜಿಗೆ ‘5 ಎಟಿಎಂ’ ನೋಡಿ. ಅದೂ 50 ಮೀಟರ್ ಆಳಕ್ಕೆ ಇಳಿಯಬಹುದೆಂದಲ್ಲ, ಅಷ್ಟು ಆಳದ ನಿಂತ ನೀರಿನ ಒತ್ತಡ ತಡೆಯುತ್ತದೆಂದು. ಬಿಸಿನೀರು, ಹಬೆ, ಸೋಪು ರಬ್ಬರ್ ಸೀಲನ್ನು ಹಾಳುಮಾಡುತ್ತವೆ. ಅಭ್ಯಂಜನಕ್ಕೆ ಮೊದಲು ಬಿಚ್ಚಿಡಿ. ಮಂಗಳೂರು, ಕಾರವಾರದ ಕಡಲಿಗೆ ಇಳಿದಿದ್ದರೆ ನಲ್ಲಿನೀರಿನಲ್ಲಿ ತೊಳೆದು ಒರೆಸಿ.

ಸೀಲು ಸೋತಿದೆಯೇ ಎಂದು ನೋಡಲು ವಾಚು ತಯಾರಕರ ಒಂದು ಹಳೆಯ ವಿಧಾನವಿದೆ: 40-45 ಡಿಗ್ರಿಗೆ ಬಿಸಿಮಾಡಿ ಗಾಜಿನ ಮೇಲೆ ತಣ್ಣೀರಿನ ಹನಿ ಇಟ್ಟು ಒಂದು ನಿಮಿಷಕ್ಕೆ ಒರೆಸಿದಾಗ ಒಳಗೆ ಮಂಜು ಕಟ್ಟಿದರೆ ತೇವ ಹೊಕ್ಕಿದೆ. ಲಿಥಿಯಂ ಬ್ಯಾಟರಿ ಇರುವುದರಿಂದ ಮನೆಯಲ್ಲಿ ಒಲೆಯ ಹತ್ತಿರ ಒಯ್ಯಬೇಡಿ. ಕೈಮೇಲೆ ಕಟ್ಟಿ ಬೆಚ್ಚಗಾದ ವಾಚಿನ ಮೇಲೆ ಫ್ರಿಜ್ಜಿನ ನೀರಿನ ಹನಿ ಇಟ್ಟು ನೋಡಿದರೆ ಸಾಕು.

ಮಾತು ಸುಳ್ಳಾದರೆ

ಪೆಟ್ಟಿಗೆ ಬಿಚ್ಚುವುದನ್ನು ಒಂದೇ ಓಟದ ವಿಡಿಯೊ ತೆಗೆಯಿರಿ. ಕೊಂಡ ದಿನವೇ ಮಾರಾಟದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ದೂರು ಕೊಟ್ಟ ಮೇಲೆ ಆ ಪುಟ ಹಾಗೇ ಇರುತ್ತದೆಂಬ ನಂಬಿಕೆ ಬೇಡ. ಹಿಂದಿರುಗಿಸುವ ಗಡುವು ಏಳು ದಿನವಾದರೆ ಮೊದಲ ದಿನ ಜಿಪಿಎಸ್ ಮತ್ತು ಬಾಳೆಹಣ್ಣು, ಎರಡರಿಂದ ನಾಲ್ಕನೇ ದಿನ ಫೋನು ಬಿಟ್ಟ ಸಮಯ, ಜೊತೆಗೇ ಬ್ಯಾಟರಿ, ನೀರು ಮುಟ್ಟಿಸಲೇಬೇಡಿ. ಸ್ಮಾರ್ಟ್‌ವಾಚಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ: ಪೆಟ್ಟಿಗೆಯ ಮೇಲಿನ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರಬೇಕು.

ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿನಲ್ಲಿ ‘ವಾಚು ಸರಿಯಿಲ್ಲ’ ಎಂದು ಬರೆಯಬೇಡಿ. ‘ಜಾಹೀರಾತಿನಲ್ಲಿ ಏಳು ದಿನ, ಅದೇ ಷರತ್ತಿನಲ್ಲಿ ಅಳೆದಾಗ 71 ಗಂಟೆ, ವಿಡಿಯೊ ಲಗತ್ತಿಸಿದೆ’ ಎಂಬಂತೆ ಅಂಕಿ ಸಹಿತ ಬರೆಯಿರಿ.